ದೂರದ ಸರ್ವರ್‌ನಲ್ಲಿ ಫೈಲ್ ಇದೆಯೇ: ಹೆಡ್ ವಿನಂತಿಯೋ, ರೇಂಜ್ ಸಹಿತ ಗೆಟ್ ವಿನಂತಿಯೋ?

ಬೇರೊಂದು ಸರ್ವರ್‌ನಲ್ಲಿ ಫೈಲ್ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದಾಗ, ಫೈಲನ್ನು ಕಳಿಸದೆ ಹೆಡರ್‌ಗಳನ್ನು (ಉತ್ತರದ ಆರಂಭದಲ್ಲಿ ಬರುವ ವಿವರದ ಸಾಲುಗಳನ್ನು) ಮಾತ್ರ ಕೊಡುವ ಹೆಡ್ ವಿನಂತಿಯನ್ನೇ ಮೊದಲು ಆರಿಸಿಕೊಳ್ಳುವುದು ಸೂಕ್ತ; 700 ಎಂಬಿ ವಿಡಿಯೊ ಆದರೂ ಬರುವುದು ಕೆಲವೇ ಸಾಲುಗಳು. ಉತ್ತರದ ಸ್ಥಿತಿ ಸಂಕೇತವಾಗಿ (ಸ್ಟೇಟಸ್ ಕೋಡ್) 200 ಬಂದರೆ ಫೈಲ್ ಸಾಮಾನ್ಯವಾಗಿ ಇದೆ, 404 ಅಥವಾ 410 ಬಂದರೆ ಇಲ್ಲ.

ಆದರೆ ಕೆಲವು ಸರ್ವರ್‌ಗಳು ಹೆಡ್ ವಿನಂತಿಯನ್ನು ಒಪ್ಪದೆ 405 ಎಂದು ಉತ್ತರಿಸುತ್ತವೆ. ಅದನ್ನು ಫೈಲ್ ಇಲ್ಲವೆಂದು ಖಂಡಿತ ಓದಬಾರದು. ಅಂಥಲ್ಲಿ ಮೊದಲ ಬೈಟನ್ನಷ್ಟೇ ಕೇಳುವ ‘ರೇಂಜ್: ಬೈಟ್ಸ್=0-0’ ಹೆಡರ್ ಸೇರಿಸಿದ ಗೆಟ್ ವಿನಂತಿಯೇ (ಫೈಲನ್ನೇ ತರಿಸುವ ಸಾಮಾನ್ಯ ವಿನಂತಿ) ಹೆಚ್ಚು ನಂಬಲರ್ಹ: ಸರ್ವರ್ ರೇಂಜ್ ಬಲ್ಲದಾದರೆ 206 ಜೊತೆಗೆ ಒಂದೇ ಬೈಟ್ ಬರುತ್ತದೆ. ರೇಂಜ್ ತಿಳಿಯದಿದ್ದರೆ 200 ಎಂದು ಇಡೀ ಫೈಲನ್ನೇ ಕಳಿಸತೊಡಗುವುದರಿಂದ, ಹೆಡರ್ ಓದಿದ ಕೂಡಲೇ ಸಂಪರ್ಕ ಕಡಿಯಬೇಕು.

ಯಾವುದನ್ನೇ ಆರಿಸಿದರೂ, ಚಿತ್ರ ಕೇಳಿದಾಗ ಬಂದದ್ದು ಯಾವ ಬಗೆಯದೆಂದು ಹೇಳುವ ಕಂಟೆಂಟ್-ಟೈಪ್ ಹೆಡರ್ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದಿದ್ದರೆ ಆ 200 ಅನ್ನು ನಂಬಬೇಡಿ. ಅದು ಬಹುತೇಕ ದೋಷ ಪುಟವೇ.