ಉಳಿ ಚೆನ್ನಾಗಿದೆ, ಹೊಗಳಿದ್ದು ಸಾಕು

ಮೊದಲೇ ಹೇಳಿಬಿಡುತ್ತೇನೆ, ಈ ಉಳಿ ಮಾಡುವವರ ಹೆಸರು ಇಲ್ಲಿ ಸಿಗುವುದಿಲ್ಲ. ಅವರೇ ಬೇಡ ಅಂದಿದ್ದಾರೆ. ಹೆಸರಿಲ್ಲದ ವಿಮರ್ಶೆ ಯಾವ ಸೀಮೆ ವಿಮರ್ಶೆ ಅಂತ ಕೇಳಬಹುದು. ಓದುತ್ತಾ ಹೋಗಿ, ಕಾರಣ ಗೊತ್ತಾಗುತ್ತದೆ. ಇಷ್ಟು ಹೇಳಬಹುದು: ಕುಮಟಾ ಕಡೆಯ ಒಂದು ಸಣ್ಣ ಕುಲುಮೆ. ಅಪ್ಪ, ಮಗ, ಕೈಗೆ ಒಬ್ಬ ಹುಡುಗ. ನಾವೆಲ್ಲ ಅಪ್ಪನನ್ನು ಆಚಾರ್ರು ಅಂತಲೇ ಕರೆಯುವುದು.

ನಮ್ಮದು ಶಿರಸಿಯಲ್ಲಿ ಬಾಗಿಲು, ಕಿಟಕಿ, ದೇವರ ಮಂಟಪದ ಕೆಲಸ. ಮಷಿನ್ ಇದೆ, ಇಲ್ಲ ಅಂತಲ್ಲ. ಆದರೆ ಚೌಕಟ್ಟಿನ ಮೂಲೆ ಕೂರಿಸುವಾಗ, ಬಿಜಾಗರಿಗೆ ಜಾಗ ಕೆತ್ತುವಾಗ ಕೈಗೆ ಉಳಿಯೇ ಬೇಕು. ಆಚಾರ್ರ ಹತ್ತಿರ ಕಾಲಿಂಚಿನಿಂದ ಒಂದಿಂಚಿನವರೆಗೆ ನಾಲ್ಕು ಉಳಿ, ಮರ ಹೆರೆಯುವ ಹತ್ತರಿಗೆ ಒಂದು ಅಲಗು ತಗೊಂಡು ಏಳೆಂಟು ವರ್ಷ ಆಯ್ತು. ಎಲ್ಲ ದುಡ್ಡು ಕೊಟ್ಟೇ ತಗೊಂಡಿದ್ದು. ಇದನ್ನು ಯಾಕೆ ಹೇಳುತ್ತೇನೆ ಅನ್ನುವುದಕ್ಕೂ ಆಮೇಲೆ ಬರುತ್ತೇನೆ.

ಉಕ್ಕಿನ ವಿಚಾರ ಮೊದಲು. ಕೊಡತಿಯಲ್ಲಿ, ಅಂದರೆ ಮರದ ಸುತ್ತಿಗೆಯಲ್ಲಿ, ಹೊಡೆಯುವ ದಪ್ಪ ಉಳಿಗೆ ಅವರು ಲಾರಿಯ ಕಮಾನ್ ಪಟ್ಟಿ ಬಳಸುತ್ತಾರೆ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧದಷ್ಟು ಇರುತ್ತದೆ ಅಷ್ಟೇ, ಹಾಗಾಗಿ ಪೆಟ್ಟು ತಡೆಯುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಕೈಯಿಂದಲೇ ಒತ್ತಿ ಕೆತ್ತುವ ತೆಳು ಉಳಿಗೆ ಬೇರಿಂಗ್ ಉಕ್ಕು. ಅದರಲ್ಲಿ ಇಂಗಾಲ ನೂರಕ್ಕೆ ಒಂದರಷ್ಟು, ಜೊತೆಗೆ ಒಂದೂವರೆಯಷ್ಟು ಕ್ರೋಮಿಯಂ. ಹರಿತ ತುಂಬಾ ಹೊತ್ತು ನಿಲ್ಲುತ್ತದೆ, ಆದರೆ ಹದ ತಪ್ಪಿದರೆ ಚಕ್ಕೆ ಏಳುತ್ತದೆ. ಅಂಗಡಿ ಉಳಿಯಲ್ಲಿ ಈ ಎರಡರ ವ್ಯತ್ಯಾಸ ಕೇಳಿದರೆ ಡಬ್ಬದ ಮೇಲಿರುವುದನ್ನು ಓದಿ ಹೇಳುತ್ತಾರೆ. ಇಲ್ಲಿ ನೀವು ಯಾವ ಮರಕ್ಕೆ, ಯಾವ ಕೆಲಸಕ್ಕೆ ಅಂತ ಅವರೇ ಕೇಳುತ್ತಾರೆ.

ಸಾಗುವಾನಿಗೂ ಹಲಸಿಗೂ ಈ ಉಳಿಯಲ್ಲಿ ಏನೂ ತಕರಾರಿಲ್ಲ. ಮತ್ತಿ ಮರ ಮಾತ್ರ ಯಾವ ಉಳಿಯ ಬಂಡವಾಳವನ್ನೂ ಬಯಲು ಮಾಡುತ್ತದೆ. ಗಂಟು ಇರುವ ಕಡೆ ಕೊಡತಿ ಪೆಟ್ಟು ಬಿದ್ದಾಗ ಬಾಯಿ ಮಡಚುತ್ತದೋ ಉದುರುತ್ತದೋ ಅಂತ ಬೆಳಕಿಗೆ ಹಿಡಿದು ನೋಡಬೇಕು. ಮಡಚಿದರೆ ಉಕ್ಕು ಮೆತ್ತಗಾಗಿದೆ. ಅರ್ಧಚಂದ್ರದ ಹಾಗೆ ಚಕ್ಕೆ ಹೋಗಿದ್ದರೆ ವಿಪರೀತ ಗಡಸಾಗಿದೆ. ನನ್ನ ಮೊದಲ ಸೆಟ್ಟಿನಲ್ಲಿ ಎರಡೂ ಆಗಲಿಲ್ಲ. ಬಾಯಿಯ ಕೋನವನ್ನು 25 ಡಿಗ್ರಿಯಿಂದ 30ಕ್ಕೆ ಏರಿಸಿಕೊಂಡೆ. ಗಟ್ಟಿ ಮರಕ್ಕೆ ಅಷ್ಟು ಬೇಕೇ ಬೇಕು.

ಕೊರತೆ ಇಲ್ಲವೇ? ಇದೆ. ಹೊಸ ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ, ಸಮ ಇರುವುದಿಲ್ಲ. ಕಲ್ಲಿನ ಮೇಲೆ ಉಜ್ಜಿದರೆ ಎರಡು ಅಂಚು ಮಾತ್ರ ಹೊಳೆಯುತ್ತದೆ, ನಡುವೆ ಕಪ್ಪಗೇ ಉಳಿಯುತ್ತದೆ. ಬಾಯಿಯ ಹತ್ತಿರದ ಒಂದಿಂಚಾದರೂ ಪೂರ್ತಿ ಹೊಳೆಯುವವರೆಗೆ ಮಸೆಯಬೇಕು. ಅದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಇನ್ನು ಹಿಡಿ ಸೀಳದಂತೆ ಅದಕ್ಕೆ ಹಾಕುವ ಲೋಹದ ಬಳೆ. ಮಳೆಗಾಲದಲ್ಲಿ ಕೂರಿಸಿದ ಹಿಡಿ ಮಾರ್ಚ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಬಳೆ ಲೊಡಲೊಡ ಅನ್ನುತ್ತದೆ. ಹೇಳಿದೆವು. ಈಗ ಹಿಡಿಯ ಮರವನ್ನು ಕುಲುಮೆಯ ಅಟ್ಟದ ಮೇಲೆ ವರ್ಷ ಇಟ್ಟು ಆಮೇಲೆ ಕಡೆಯುತ್ತಾರೆ. ತುಕ್ಕಿಗೆ ಅವರೇನೂ ಮಾಡುವ ಹಾಗಿಲ್ಲ. ಆಷಾಢದ ಶಿರಸಿಯಲ್ಲಿ ಅಕ್ಕಿ ಡಬ್ಬವೇ ಬೆವರುತ್ತದೆ, ಇನ್ನು ಉಕ್ಕು ಬಿಡುತ್ತದಾ? ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿ ಬೇರೆ. ನಾನು ಕೆಲಸ ಮುಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ಒರೆಸಿ ಇಡುತ್ತೇನೆ. ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ, ಚಳಿಗಾಲದ ಬೆಳಿಗ್ಗೆ ಅದು ಗಟ್ಟಿಯಾಗಿ ಕೂತಿರುತ್ತದೆ.

ಈಗ ಹೆಸರಿನ ಕಥೆ.

ಎರಡು ಮೂರು ವರ್ಷದ ಹಿಂದೆ ಒಬ್ಬ ಗಿರಾಕಿ, ಒಳ್ಳೆ ಹುಡುಗ, ಪ್ರೀತಿಯಿಂದಲೇ ಕುಲುಮೆಯ ಒಂದು ವಿಡಿಯೋ ಮಾಡಿ ಹಾಕಿದ. ಕಿಡಿ ಹಾರುವುದು, ಎಣ್ಣೆಗೆ ಅದ್ದಿದಾಗ ಭಗ್ಗನೆ ಬೆಂಕಿ ಏಳುವುದು, ಹಿಂದೆ ಚೆಂಡೆ ಸದ್ದು. ಕೆಳಗೆ ಫೋನ್ ನಂಬರ್. ಒಂದೇ ವಾರದಲ್ಲಿ ಬೆಂಗಳೂರು, ಪುಣೆ, ಕೊಚ್ಚಿ ಎಲ್ಲ ಕಡೆಯಿಂದ ಫೋನು. ಆಚಾರ್ರಿಗೆ ಇಲ್ಲ ಅನ್ನಲು ಬರುವುದಿಲ್ಲ. ಎಲ್ಲರಿಗೂ ಹೂಂ ಅಂದರು.

ಆ ಸಮಯದಲ್ಲಿ ತಗೊಂಡ ನನ್ನ ಇನ್ನೊಂದು ಅರ್ಧ ಇಂಚಿನ ಉಳಿ ಮತ್ತಿಯ ಚೌಕಟ್ಟಿನಲ್ಲಿ ಮೊದಲ ದಿನವೇ ಚಕ್ಕೆ ಎದ್ದಿತು. ಇನ್ನೂ ಕೆಲವರದ್ದು ಹಾಗೇ. ಕಾರಣ ಏನು ಅಂತ ಆಮೇಲೆ ಗೊತ್ತಾಯ್ತು. ಉಕ್ಕನ್ನು ಅಯಸ್ಕಾಂತ ಅಂಟದ ಹಾಗಾಗುವವರೆಗೆ, ಅಂದರೆ ಸುಮಾರು 770 ಡಿಗ್ರಿ ದಾಟುವವರೆಗೆ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ. ಆಗ ಅದು ಗಾಜಿನಂತೆ ಗಡಸಾಗಿರುತ್ತದೆ. ಅದನ್ನು ಮತ್ತೆ ಮೆಲ್ಲಗೆ 220, 230 ಡಿಗ್ರಿಗೆ ಬಿಸಿ ಮಾಡಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಕಾದು, ಗಡಸನ್ನು ಇಳಿಸಬೇಕು. ಈ ಎರಡನೇ ಕೆಲಸಕ್ಕೆ ಸಮಾಧಾನ ಬೇಕು. ಆರ್ಡರ್ ರಾಶಿ ಬಿದ್ದಾಗ ಮೊದಲು ಹೋಗುವುದೇ ಆ ಸಮಾಧಾನ. ಉಳಿ ವಾಪಸ್ ಒಯ್ದಾಗ ಆಚಾರ್ರು ಬಾಯಿಯನ್ನು ಉಗುರಿನ ಮೇಲೆ ಎಳೆದು ನೋಡಿ, "ತಮ್ಮಾ, ಇದು ನನ್ನ ಉಳಿ ಅಲ್ಲ ಅಂತ ಹೇಳಬೇಕು ಅನಿಸ್ತದೆ. ಆದರೆ ನಂದೇ" ಅಂದರು. ಹೊಸದು ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ನಂಬರನ್ನೂ ಬದಲಾಯಿಸಿದರು.

ಹಾಗಂತ ಪ್ರಚಾರವೇ ಬೇಡ ಅಂತ ನಾನು ಹೇಳುವುದಿಲ್ಲ. ಬೇಡ ಅಂದರೆ ಮಗ ಗೋವಾಕ್ಕೆ ಹೋಟೆಲ್ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಬೇಕಾಗಿರುವುದು ಸರಿಯಾದ ಗಿರಾಕಿ, ಸರಿಯಾದ ಕಾಲಕ್ಕೆ. ಅದನ್ನು ತಂದುಕೊಡಲು ಹಳೇ ಗಿರಾಕಿಗಳಾದ ನಮ್ಮಿಂದ ಮಾತ್ರ ಸಾಧ್ಯ. ಯಾಕೆಂದರೆ ಈ ಉಳಿ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಗೊತ್ತಿರುವುದು ನಮಗೆ.

ಉದಾಹರಣೆಗೆ ನಮ್ಮಲ್ಲೊಬ್ಬರು ಅಭಿಮಾನಕ್ಕೆ ಗುಡಿಗಾರರ ಮನೆಯ ಹುಡುಗನೊಬ್ಬನನ್ನು ಅಲ್ಲಿಗೆ ಕಳಿಸಿದರು. ಗಂಧದ ಕೆತ್ತನೆಗೆ ಬೇಕಾದ ಸಣ್ಣ ಸೂಕ್ಷ್ಮ ಉಳಿ ಬೇರೆಯೇ ಲೋಕ. ಆಚಾರ್ರು ಅದನ್ನು ಮಾಡುವುದಿಲ್ಲ. ಹುಡುಗ ಘಟ್ಟ ಇಳಿದು ಹೋಗಿ ಬರಿಗೈಲಿ ಬಂದ. ಈ ಥರದ ಪ್ರಚಾರದಿಂದ ಇಬ್ಬರಿಗೂ ನಷ್ಟ.

ನಾವು ಈಗ ಮಾಡುತ್ತಿರುವುದು ದೊಡ್ಡ ಸಂಗತಿಯೇನಲ್ಲ. ಯಾರಾದರೂ ಕೇಳಿದರೆ ಫೋಟೋ ತೋರಿಸುವುದಿಲ್ಲ, ಉಳಿಯನ್ನೇ ಕೈಗೆ ಕೊಡುತ್ತೇವೆ. ಅವರದ್ದೇ ಮರದ ತುಂಡಿನ ಮೇಲೆ ಹತ್ತು ನಿಮಿಷ ಕೆಲಸ ಮಾಡಲಿ. ಇಷ್ಟವಾದರೆ ಹೇಳುತ್ತೇವೆ. ಇದು ನಮ್ಮ ತಲೆಗೆ ಹೊಳೆದ ಹೊಸ ವಿಷಯ ಅಲ್ಲ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ 1981ರಲ್ಲಿ ಶುರುವಾದ ಲೀ-ನೀಲ್ಸನ್ ಕಂಪನಿ ಊರೂರಿಗೆ ಹೋಗಿ ಬೆಂಚು ಹಾಕಿ, ಹತ್ತರಿ, ಉಳಿ ಇಟ್ಟು, ಬಂದವರಿಗೆ ಬಳಸಿ ನೋಡಲು ಬಿಡುವ ಕಾರ್ಯಕ್ರಮ ನಡೆಸಿದ್ದಿದೆ. ನಮ್ಮಲ್ಲಿ ಅದಕ್ಕೆ ಬೇರೆ ಸಂತೆ ಹುಡುಕಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಇದೆ. ಅಷ್ಟು ಜನ ಬರುವ ಕಡೆ ಒಂದು ಬೆಂಚು, ಒಂದು ಸಾಣೆಕಲ್ಲು, ಎರಡು ತುಂಡು ಸಾಗುವಾನಿ ಸಾಕು. ಮಾರಾಟ ಬೇಡ, ಸುಮ್ನೆ ಕೆತ್ತಿ ನೋಡಲಿ. ಆಚಾರ್ರು ಇನ್ನೂ ಒಪ್ಪಿಲ್ಲ. ಮಗ ಒಪ್ಪಿದ್ದಾನೆ.

ಇನ್ನೊಂದು, ಸಾಣೆ ಹಿಡಿಯುವುದನ್ನು ಕಲಿಸುವುದು. ಈ ಉಳಿ ಸರಿಯಿಲ್ಲ ಅಂದ ಹೊಸಬರಲ್ಲಿ ಬಹಳ ಜನ ಬೆನ್ನನ್ನು ಸಮ ಮಾಡದೇ ಬಳಸಿದವರು. ಒಂದು ಭಾನುವಾರ ಕೂರಿಸಿಕೊಂಡು 1000 ನಂಬರಿನ ಸಾಣೆಕಲ್ಲು, ಆಮೇಲೆ ಅದಕ್ಕಿಂತ ನಯವಾದ 6000 ನಂಬರಿನ ಕಲ್ಲು, ಆಮೇಲೆ ಚರ್ಮದ ಪಟ್ಟಿ ತೋರಿಸಿದರೆ ದೂರು ಅಲ್ಲೇ ಮುಗಿಯುತ್ತದೆ. ನನ್ನನ್ನು ಕೇಳಿದರೆ ಹತ್ತು ವಿಡಿಯೋಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ದೂರು ನಿಜವಾಗಿಯೂ ಇದ್ದರೆ ಅದನ್ನು ಮುಚ್ಚಿಡುವುದು ನಿಷ್ಠೆ ಅಲ್ಲ. ಉಳಿ ಕೆಟ್ಟಿದೆ ಅಂತ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಮರ, ಎಷ್ಟು ಡಿಗ್ರಿ, ಮಡಚಿತೋ ಉದುರಿತೋ, ಹೊಸದಾಗಿದ್ದಾಗಲೋ ಎರಡು ಮೂರು ಸಲ ಮಸೆದ ಮೇಲೋ, ಇಷ್ಟು ಹೇಳಿದರೆ ಅವರೇ ಎಲ್ಲಿ ತಪ್ಪಿದೆ ಅಂತ ಹೇಳುತ್ತಾರೆ. ಹೊಗಳುವಾಗಲೂ ಅಷ್ಟೇ. "ಸೂಪರ್ ಉಳಿ" ಅಂತ ಐದು ಸ್ಟಾರ್ ಒತ್ತುವುದಕ್ಕಿಂತ "ಹಲಸಿನ ಮಂಟಪಕ್ಕೆ ಬಳಸಿದೆ, ದಿನಕ್ಕೊಮ್ಮೆ ಪಟ್ಟಿಗೆ ಎಳೆದರೆ ಸಾಕಾಯ್ತು" ಅಂತ ಬರೆದರೆ ಓದುವವನಿಗೆ ಉಪಯೋಗ.

ದುಡ್ಡು ಕೊಟ್ಟೇ ತಗೊಂಡಿದ್ದು ಅಂತ ಮೇಲೆ ಹೇಳಿದ್ದು ಇದಕ್ಕೇ. ವಿಡಿಯೋ ಗಲಾಟೆಯ ಮೇಲೆ ಮಗ ಒಂದು ಯೋಚನೆ ತಂದ: ಯಾರು ಹೊಸ ಗಿರಾಕಿ ಕರೆದುಕೊಂಡು ಬರುತ್ತಾರೋ ಅವರಿಗೆ ಒಂದು ಉಳಿ ಫ್ರೀ. ನನಗೆ ಸರಿ ಕಾಣಲಿಲ್ಲ. ಫ್ರೀ ಉಳಿ ತಗೊಂಡವನ ಹೊಗಳಿಕೆಗೆ ಬೆಲೆ ಎಷ್ಟು? 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಜಾಹೀರಾತು ನಿಯಮದಲ್ಲೂ ಇದೆ, ಒಂದು ವಸ್ತುವನ್ನು ಹೊಗಳುವವನಿಗೆ ಅದನ್ನು ಮಾಡಿದವನ ಜೊತೆ ವ್ಯವಹಾರದ ಸಂಬಂಧ ಇದ್ದರೆ ಅದನ್ನು ಬಿಚ್ಚಿ ಹೇಳಬೇಕು ಅಂತ. ಅದೇ ವರ್ಷ ವಸ್ತುಗಳ ಗುಣಮಟ್ಟ ಗೊತ್ತುಮಾಡುವ ಭಾರತೀಯ ಸಂಸ್ಥೆ ಬಿಐಎಸ್ ಆನ್‌ಲೈನ್ ವಿಮರ್ಶೆಗಳಿಗೇ ಐಎಸ್ 19000:2022 ಅಂತ ಒಂದು ಮಾನದಂಡವನ್ನೂ ತಂದಿತು. ನಮ್ಮ ಸಣ್ಣ ಕುಲುಮೆಗೆ ಅದೆಲ್ಲ ಯಾಕೆ ಅನ್ನಬಹುದು. ಆದರೆ ಶಿರಸಿಯಂಥ ಊರಲ್ಲಿ ಯಾರು ಯಾರಿಗೆ ಏನು ಕೊಟ್ಟರು ಅನ್ನುವುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ. ಫ್ರೀ ಬದಲು ಹಳೇ ಗಿರಾಕಿಗಳ ಉಳಿಗೆ ವರ್ಷಕ್ಕೊಮ್ಮೆ ಹಿಡಿ, ಬಳೆ ರಿಪೇರಿ ಮಾಡಿಕೊಡಿ ಅಂದೆವು. ಒಪ್ಪಿದರು.

ಬರೆಯಲು, ಓದಲು, ಕಂಪ್ಯೂಟರ್ ಒತ್ತಲು ಬರುವ ಗಿರಾಕಿಗಳಿಗೆ ಇನ್ನೂ ಒಂದು ಕೆಲಸ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರರ ಜೊತೆಗೆ ಸುತ್ತಿಗೆ, ಉಪಕರಣ ಮಾಡುವವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ಆಚಾರ್ರಿಗೆ ಇದು ಗೊತ್ತೇ ಇರಲಿಲ್ಲ. ನಮ್ಮಲ್ಲೊಬ್ಬ ಮಾಸ್ತರರು ಕೂತು ಅರ್ಜಿ ತುಂಬಿಸಿದರು. ಹೊಗಳಿ ಬರೆದ ನಮ್ಮೆಲ್ಲರಿಗಿಂತ ಆ ಮಾಸ್ತರರು ಮಾಡಿದ್ದೇ ದೊಡ್ಡ ಪ್ರಚಾರ ಅಂತ ನನ್ನ ಲೆಕ್ಕ.

ಇನ್ನು, ತಗೊಳ್ಳಬೇಕಾ ಬೇಡವಾ? ದಿನಾ ಮರದ ಕೆಲಸ ಮಾಡುವವರು, ಮಸೆಯಲು ಬೇಜಾರಿಲ್ಲದವರು ಧಾರಾಳ ತಗೊಳ್ಳಿ. ಅಂಗಡಿಯ ಒಳ್ಳೇ ಉಳಿಗಿಂತ ರೇಟು ಸ್ವಲ್ಪ ಜಾಸ್ತಿ, ಆದರೆ ಕೆಟ್ಟರೆ ಮಾಡಿದವರ ಕೈಗೇ ವಾಪಸ್ ಕೊಡಬಹುದು. ವರ್ಷಕ್ಕೊಮ್ಮೆ ಕಪಾಟಿನ ಬಾಗಿಲು ಸರಿ ಮಾಡುವವರಿಗೆ ಅಂಗಡಿಯದ್ದೇ ಸಾಕು. ಹತ್ತರಿ ಅಲಗು ಪರವಾಗಿಲ್ಲ, ಅಷ್ಟೇ. ಉಳಿಯಷ್ಟು ಖುಷಿ ಕೊಟ್ಟಿಲ್ಲ.

ವಿಳಾಸ ಬೇಕಾದರೆ ಶಿರಸಿಯಲ್ಲೋ ಕುಮಟಾದಲ್ಲೋ ಕೈ ಕೆಲಸ ಮಾಡುವ ಬಡಗಿಯೊಬ್ಬರ ಹತ್ತಿರ ಕೇಳಿ. ಅವರ ಉಳಿ ಒಂದು ಸಲ ಹಿಡಿದು ನೋಡಿ, ಆಮೇಲೆ ಹೋಗಿ. ಜೂನ್‌ನಿಂದ ಆಗಸ್ಟ್‌ವರೆಗೆ ಗದ್ದೆ ಕೆಲಸದ ಕತ್ತಿ, ಗುದ್ದಲಿಗಳದ್ದೇ ಗಡಿಬಿಡಿ, ಆಗ ಉಳಿ ಕೇಳಬೇಡಿ. ಒಂದಿಂಚಿನದ್ದಕ್ಕೆ ಸದ್ಯ ದೀಪಾವಳಿವರೆಗೆ ಕಾಯಬೇಕಂತೆ. ಮುಕ್ಕಾಲು ಇಂಚಿನದ್ದು ಎರಡೋ ಮೂರೋ ತಯಾರಿದೆ ಅಂತ ಮೊನ್ನೆ ಮಗ ಹೇಳುತ್ತಿದ್ದ.