ಐದು ಸಿಡಿಯ ವಿಶ್ವಕೋಶ, ಒಂದು ಹಾರ್ಡ್ ಡಿಸ್ಕ್: ಮೂರು ದಾರಿ ನೋಡಿ ಐಎಸ್ಒಗೆ ಬಂದೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಸಿಡಿ, ಡಿವಿಡಿ ವಿಶ್ವಕೋಶವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬೇಕಾದರೆ ಒಂದೊಂದು ಡಿಸ್ಕನ್ನೂ ಐಎಸ್ಒ ಫೈಲ್ ಮಾಡಿ ಇಡಿ, ಅಂದರೆ ಇಡೀ ಡಿಸ್ಕಿನ ಅಚ್ಚನ್ನು ಒಂದೇ ಫೈಲಿನಲ್ಲಿ. ಬೇರೆ ಎರಡು ದಾರಿಗಳಲ್ಲೂ ಕೊನೆಯವರೆಗೆ ಹೋಗಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು, ಈಗ ನಿವೃತ್ತರು. ಅವರ ಬಳಿ ಐದು ಸಿಡಿಯ ಒಂದು ವಿಶ್ವಕೋಶ ಇದೆ, ಎರಡು ಡಿವಿಡಿಯ ಒಂದು ಭೂಪಟ ಇದೆ. ರಾತ್ರಿ ಊಟ ಆದಮೇಲೆ ಏನಾದರೂ ಒಂದು ವಿಷಯ ತೆಗೆದು ಓದುವುದು ಅವರ ಅಭ್ಯಾಸ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ದಿನಗಟ್ಟಲೆ ಇರುವುದಿಲ್ಲ, ಹಾಗಾಗಿ ಈ ಡಿಸ್ಕ್‌ಗಳೇ ಆಧಾರ. ಅದೇ ಮಳೆಗಾಲದ ಥಂಡಿಗೆ ಡಿಸ್ಕ್‌ಗೂ ಬೂಷ್ಟು ಹಿಡಿಯುತ್ತದೆ. ಹೋದ ವರ್ಷ ಮೂರನೇ ಸಿಡಿ ತೆಗೆದು ನೋಡಿದರೆ ಮೇಲೆ ಬಿಳಿ ಬಿಳಿ ಕಲೆ. ಇಂಥ ಡಿಸ್ಕ್ ಹೋದರೆ ಮತ್ತೆ ಎಲ್ಲಿ ಸಿಗುತ್ತದೆ? ಎನ್ಕಾರ್ಟಾದಂಥ ದೊಡ್ಡ ವಿಶ್ವಕೋಶವೇ 2009ರಲ್ಲಿ ನಿಂತುಹೋಯಿತು. ಅವತ್ತೇ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಹಾಕಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ತಂದ ಹಾರ್ಡ್ ಡಿಸ್ಕೇ ತಪ್ಪಾಯಿತು. ಅಂಗಡಿಯವರು ಜಾಗ ಜಾಸ್ತಿ, ಬೆಲೆ ಕಡಿಮೆ ಅಂತ 3.5 ಇಂಚಿನದ್ದು ಕೊಟ್ಟರು. ಅದಕ್ಕೆ ಗೋಡೆಯ ಪ್ಲಗ್‌ನಿಂದ ಬೇರೆಯೇ ಕರೆಂಟ್ ಬೇಕು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಡಿಸ್ಕ್ ಮಾತ್ರ ಟಕ್ ಅಂತ ಆರಿಹೋಗುತ್ತದೆ. ಕಾಪಿ ಆಗುತ್ತಿರುವಾಗಲೇ ಎರಡು ಸಲ ಹೀಗಾಯಿತು. ಅದನ್ನು ವಾಪಸ್ ಕೊಟ್ಟೆ. ಮನೆಯಲ್ಲಿ ಕೆಟ್ಟು ಕೂತಿದ್ದ ಲ್ಯಾಪ್‌ಟಾಪ್‌ನಿಂದ 320 ಜಿಬಿಯ 2.5 ಇಂಚಿನ ಡಿಸ್ಕ್ ತೆಗೆದು, ಕೆಲವು ನೂರು ರೂಪಾಯಿಯ ಒಂದು ಕೇಸಿಂಗ್‌ಗೆ ಹಾಕಿದೆ. ಅದು ಯುಎಸ್‌ಬಿ ವೈರಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. ನಮ್ಮಂಥ ಊರಿನವರು 2.5 ಇಂಚಿನದ್ದೇ ತೆಗೆದುಕೊಳ್ಳಿ.

ಜಾಗದ ಚಿಂತೆಯಂತೂ ಬೇಡ. ಒಂದು ಸಿಡಿ ಅಂದರೆ ಹೆಚ್ಚೆಂದರೆ 700 ಎಂಬಿ. ನಮ್ಮ ಏಳು ಡಿಸ್ಕೂ ಸೇರಿ 13 ಜಿಬಿ ದಾಟಲಿಲ್ಲ.

ಇನ್ನು ದಾರಿಗಳ ವಿಷಯ. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದು: ಇನ್‌ಸ್ಟಾಲ್ ಮಾಡುವಾಗ ಸಿ ಡ್ರೈವ್ ಬದಲು ಎಕ್ಸ್‌ಟರ್ನಲ್ ಡಿಸ್ಕ್ ತೋರಿಸಿ, 'ಫುಲ್ ಇನ್‌ಸ್ಟಾಲ್' ಒತ್ತುವುದು. ಮಾಡಿದೆ. ಬರಹ, ಚಿತ್ರ ಎಲ್ಲ ಬಂತು. ಆದರೆ ಹಕ್ಕಿಗಳ ಕೂಗು, ವಿಡಿಯೊ ತುಣುಕುಗಳಿಗೆ ಮತ್ತೆ ಸಿಡಿಯನ್ನೇ ಕೇಳಿತು. ಅಂದರೆ 'ಫುಲ್' ಅನ್ನುವುದು ಪೂರ್ತಿ ಅಲ್ಲ. ಇನ್ನೊಂದು ತೊಂದರೆಯೂ ಇದೆ. ಇನ್‌ಸ್ಟಾಲ್ ಆಗುವಾಗ ಪ್ರೋಗ್ರಾಂ ತನ್ನ ಅರ್ಧ ಗುರುತುಗಳನ್ನು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ಆ ಕಂಪ್ಯೂಟರಿನೊಳಗಿನ ಸೆಟ್ಟಿಂಗ್ ಪಟ್ಟಿಯಲ್ಲಿ ಬರೆದಿಡುತ್ತದೆ. ಡಿಸ್ಕನ್ನು ಶಿವಮೊಗ್ಗದ ಅತ್ತೆ ಮನೆಯ ಕಂಪ್ಯೂಟರಿಗೆ ಚುಚ್ಚಿದರೆ ಫೈಲುಗಳು ಕಾಣಿಸುತ್ತವೆ, ಪ್ರೋಗ್ರಾಂ ತೆರೆಯುವುದಿಲ್ಲ. ಅಲ್ಲೂ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕು.

ಎರಡನೆಯ ದಾರಿಯೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ಒಂದೊಂದು ಸಿಡಿಯನ್ನೂ ಒಂದೊಂದು ಫೋಲ್ಡರ್‌ಗೆ ಸುಮ್ನೆ ಕಾಪಿ ಮಾಡುವುದು, ಆಮೇಲೆ ವಿಂಡೋಸ್‌ನ 'ಸಬ್‌ಸ್ಟ್' ಕಮಾಂಡ್ ಕೊಟ್ಟು ಆ ಫೋಲ್ಡರ್‌ಗೆ ಸಿ, ಡಿ ತರದ ಒಂದು ಡ್ರೈವ್ ಅಕ್ಷರ ಹಚ್ಚುವುದು. ಫೋಲ್ಡರೇ ಒಂದು ಬೇರೆ ಡ್ರೈವ್ ತರ ಕಾಣಿಸುತ್ತದೆ. ದುಡ್ಡಿಲ್ಲ, ಬೇರೆ ಸಾಫ್ಟ್‌ವೇರ್ ಬೇಡ. ಕೇಳಲಿಕ್ಕೆ ಬಹಳ ಚೆನ್ನಾಗಿದೆ ಅಲ್ವಾ?

ಐದೂ ಸಿಡಿ ಕಾಪಿ ಮಾಡಿ, ಎಲ್ಲ ಸರಿ ಇದೆ ಅಂತ ಅಪ್ಪನ ಕೈಗೆ ಕೊಟ್ಟೆ. ಹತ್ತು ನಿಮಿಷಕ್ಕೆ ಕರೆದರು. "ಪುಟ್ಟಾ, ಇದು ಎರಡನೇ ಡಿಸ್ಕ್ ಹಾಕು ಅಂತಿದೆ ನೋಡು." ನೋಡಿದೆ. ಎರಡನೇ ಸಿಡಿಯ ಫೋಲ್ಡರೇ ಎದುರಿಗಿದೆ. ಕೇಳುತ್ತಿರುವ ಫೈಲ್ ಅದರೊಳಗೇ ಇದೆ. ಆದರೂ ಅದೇ ಮಾತು: ಎರಡನೇ ಡಿಸ್ಕ್ ಹಾಕಿ. ಅಕ್ಷರ ಬದಲಿಸಿದೆ. ಮತ್ತೆ ಕಾಪಿ ಮಾಡಿದೆ. ಅಡಗಿದ ಫೈಲ್ ಏನಾದರೂ ಬಿಟ್ಟುಹೋಯಿತೇ ಅಂತ ಅದನ್ನೂ ಹುಡುಕಿದೆ. ಫೈಲುಗಳ ಎಣಿಕೆ ಎರಡೂ ಕಡೆ ಒಂದೇ ಇತ್ತು. ಎರಡು ಸಂಜೆ ಇದರಲ್ಲೇ ಕಳೆದವು.

ಮೂರನೇ ಸಂಜೆ ಅಸಲಿ ಸಿಡಿಯನ್ನೇ ಹಾಕಿ 'ದಿಸ್ ಪಿಸಿ' ತೆರೆದೆ. ಆಗ ಕಣ್ಣಿಗೆ ಬಿತ್ತು. ಸಿಡಿ ಡ್ರೈವ್‌ನ ಪಕ್ಕ ಒಂದು ಹೆಸರು, ಅದರ ಕೊನೆಗೆ 2 ಅಂಕಿ. ನಾನು ಮಾಡಿಟ್ಟ ಡ್ರೈವ್‌ನ ಪಕ್ಕ ಇದ್ದದ್ದು ನನ್ನ ಹಾರ್ಡ್ ಡಿಸ್ಕಿನ ಹೆಸರು. ಪ್ರತಿ ಡಿಸ್ಕಿಗೂ ಹೀಗೆ ಒಂದು ಹೆಸರು ಇರುತ್ತದೆ, ಅದಕ್ಕೆ ವಾಲ್ಯೂಮ್ ಲೇಬಲ್ ಅನ್ನುತ್ತಾರೆ. ಹಲವು ಡಿಸ್ಕಿನ ಪ್ರೋಗ್ರಾಂಗಳು ಎಷ್ಟೋ ಸಲ ಮೊದಲು ಈ ಹೆಸರನ್ನೇ ನೋಡುತ್ತವೆ. ಹೆಸರು ಸರಿ ಇದ್ದರೆ ಮಾತ್ರ ಒಳಗಿನ ಫೈಲು. ನಾವು ಫೈಲ್ ಕಾಪಿ ಮಾಡಿದಾಗ ಫೈಲು ಬರುತ್ತವೆ, ಡಿಸ್ಕಿನ ಹೆಸರು ಬರುವುದಿಲ್ಲ. ಸಬ್‌ಸ್ಟ್ ಕಮಾಂಡ್ ಅಕ್ಷರ ಕೊಡುತ್ತದೆ, ಆ ಫೋಲ್ಡರ್‌ಗೆ ಬೇರೆ ಹೆಸರು ಕೊಡಲಾರದು. ಹಾರ್ಡ್ ಡಿಸ್ಕಿಗೇ ಆ ಹೆಸರಿಡಬಹುದು. ಆದರೆ ಐದು ಸಿಡಿಗೆ ಐದು ಹೆಸರು. ಪ್ರತಿ ಸಲ ಬದಲಿಸುತ್ತಾ ಕೂರಲು ಆಗುತ್ತದೆಯೇ? ಅಪ್ಪನಿಗೆ ಇದನ್ನೆಲ್ಲ ಹೇಳಿಕೊಡುವ ಬದಲು ಸಿಡಿ ಬದಲಿಸುವುದೇ ಸುಲಭ.

ಐಎಸ್ಒ ಗೆಲ್ಲುವುದು ಇಲ್ಲೇ. ಅದು ಇಡೀ ಡಿಸ್ಕಿನ ಅಚ್ಚು. ಫೈಲು, ಹೆಸರು, ಜೋಡಿಸಿದ ಕ್ರಮ ಎಲ್ಲ ಅದರೊಳಗೇ ಇರುತ್ತದೆ. ಅದನ್ನು ಮೌಂಟ್ ಮಾಡಿದರೆ, ಅಂದರೆ ಡ್ರೈವಿಗೆ ಸಿಡಿ ಹಾಕಿದ ಹಾಗೆ ಕಂಪ್ಯೂಟರಿಗೆ ತೋರಿಸಿದರೆ, ಪ್ರೋಗ್ರಾಂ ಅದನ್ನು ಅಸಲಿ ಸಿಡಿ ಅಂತಲೇ ನೋಡುತ್ತದೆ. ಇಮ್ಗ್‌ಬರ್ನ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಐದೂ ಸಿಡಿಯ ಅಚ್ಚು ತೆಗೆದೆ. ಒಂದೊಂದಕ್ಕೆ ಕೆಲವೇ ನಿಮಿಷ. ಬೂಷ್ಟು ಹಿಡಿದ ಮೂರನೆಯದು ಮಾತ್ರ ತುಂಬ ಹೊತ್ತು ತಿಂದಿತು. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ ಮೇಲೆ ಓದಿತು. ಸುತ್ತಲೂ ಗುಂಡಗೆ ಒರೆಸಬೇಡಿ. ಹಾಗೆ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ಹಾಳು ಮಾಡುತ್ತದೆ.

ಮೌಂಟ್ ಮಾಡಲು ವಿಂಡೋಸ್ 8ರಿಂದ ಈಚೆಗೆ ಬೇರೆ ಏನೂ ಬೇಡ, ಐಎಸ್ಒ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಆದರೆ ಹಾಗೆ ಮಾಡಿದರೆ ಒಂದೊಂದು ಐಎಸ್ಒಗೂ ಬೇರೆ ಬೇರೆ ಅಕ್ಷರ ಬರುತ್ತದೆ. ನಮ್ಮ ವಿಶ್ವಕೋಶ ಯಾವ ಅಕ್ಷರದಿಂದ ಇನ್‌ಸ್ಟಾಲ್ ಆಯಿತೋ ಅಲ್ಲೇ ಹುಡುಕುತ್ತದೆ. ಅದಕ್ಕೇ ನಾನು, ಇಲ್ಲದ ಸಿಡಿ ಡ್ರೈವನ್ನು ಇದ್ದಂತೆ ತೋರಿಸುವ ಸಾಫ್ಟ್‌ವೇರ್ ಆದ ವರ್ಚುವಲ್ ಕ್ಲೋನ್‌ಡ್ರೈವ್ ಹಾಕಿದೆ. ಅದೂ ಉಚಿತ. ಅದರಲ್ಲಿ ಒಂದೇ ಡ್ರೈವ್ ಇಟ್ಟು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಎಕ್ಸ್ ಅಕ್ಷರ ಕೊಟ್ಟೆ. ಪೆನ್ ಡ್ರೈವ್ ಚುಚ್ಚಿದರೂ ಆ ಅಕ್ಷರ ಕದಲುವುದಿಲ್ಲ. ಪ್ರೋಗ್ರಾಂ ಸಿ ಡ್ರೈವ್‌ನಲ್ಲಿ, ಐಎಸ್ಒಗಳು ಎಕ್ಸ್‌ಟರ್ನಲ್‌ನಲ್ಲಿ. ಮೊದಲ ಸಲ ಇನ್‌ಸ್ಟಾಲ್ ಮಾಡಿದ್ದೂ ಆ ಎಕ್ಸ್ ಡ್ರೈವ್‌ನಿಂದಲೇ. ಈ ಕ್ರಮ ತಪ್ಪಿಸಬೇಡಿ. ಈಗ ಡಿಸ್ಕ್ ಕೇಳಿದರೆ ಅಪ್ಪ ಆ ನಂಬರಿನ ಐಎಸ್ಒ ಮೇಲೆ ಎರಡು ಸಲ ಒತ್ತುತ್ತಾರೆ, ಅದು ಎಕ್ಸ್ ಡ್ರೈವಿನಲ್ಲೇ ತೆರೆದುಕೊಳ್ಳುತ್ತದೆ, ಅಷ್ಟೇ.

ಡಿವಿಡಿಯವರಿಗೆ ಒಂದು ಎಚ್ಚರಿಕೆ. ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲ್ ಹಿಡಿಸುವುದಿಲ್ಲ. ನಮ್ಮ ಭೂಪಟದ ಐಎಸ್ಒ ಪೆನ್ ಡ್ರೈವ್‌ಗೆ ಹೋಗದಿದ್ದದ್ದು ಇದೇ ಕಾರಣಕ್ಕೆ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಕಾಪಿ ಮಾಡುವುದು ತಪ್ಪಲ್ಲವೇ ಅಂತ ಅಪ್ಪ ಕೇಳಿದರು. ಕೊಂಡ ಸಾಫ್ಟ್‌ವೇರ್ ಹಾಳಾಗದಂತೆ ಬ್ಯಾಕಪ್ ಇಟ್ಟುಕೊಳ್ಳಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಮಾರಲಿಕ್ಕೆ, ಹಂಚಲಿಕ್ಕೆ ಅಲ್ಲ. ಇನ್ನು ಕಾಪಿ ಆಗದಂತೆ ತಡೆಯುವ ಸೇಫ್‌ಡಿಸ್ಕ್‌ನಂಥ ಬೀಗ ಇರುವ ಡಿಸ್ಕ್‌ಗಳಿಗೆ ನನ್ನ ಈ ದಾರಿ ನಡೆಯುವುದಿಲ್ಲ. ಅವು ವಿಂಡೋಸ್ 10ರಲ್ಲಿ ಅಸಲಿ ಡಿಸ್ಕ್ ಹಾಕಿದರೂ ನಡೆಯುವುದಿಲ್ಲ.

ಹೊಸದಾಗಿ ಶುರು ಮಾಡುವವರು ನೆಟ್ ಇಲ್ಲದೆಯೇ ವಿಕಿಪೀಡಿಯ ಓದಿಸುವ ಕಿವಿಕ್ಸ್ ಅನ್ನುವ ಸಾಫ್ಟ್‌ವೇರ್ ನೋಡಿ. ಇಡೀ ಇಂಗ್ಲಿಷ್ ವಿಕಿಪೀಡಿಯ ಚಿತ್ರಗಳ ಸಮೇತ ಸುಮಾರು 100 ಜಿಬಿಯ ಒಂದೇ ಫೈಲಿನಲ್ಲಿ ಬರುತ್ತದೆ, ಕನ್ನಡದ್ದೂ ಇದೆ. ಡಿಸ್ಕ್ ಕೇಳುವ ಗೋಜೇ ಇಲ್ಲ. ನಾನೂ ಹಾಕಿಟ್ಟಿದ್ದೇನೆ. ಆದರೆ ಅಪ್ಪನಿಗೆ ಬೇಕಾದ್ದು ಅವರು ಇಪ್ಪತ್ತು ವರ್ಷದಿಂದ ತಿರುವಿದ ಅದೇ ಭೂಪಟ, ಅದೇ ಹಕ್ಕಿಗಳ ಕೂಗು.

ಐಎಸ್ಒಗಳ ಇನ್ನೊಂದು ಪ್ರತಿ ಅತ್ತೆ ಮನೆಯ ಕಪಾಟಿನಲ್ಲಿದೆ. ಅಸಲಿ ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಅಡುಗೆಮನೆಯ ಬಿಸಿ ತಾಗುವ ಗೋಡೆಯ ಪಕ್ಕದ ಅಟ್ಟಕ್ಕೆ ಏರಿಸಿದ್ದೇನೆ. ಅಲ್ಲಿ ಥಂಡಿ ಕಡಿಮೆ. ಈ ಮಳೆಗಾಲ ಮುಗಿದ ಮೇಲೆ ತೆಗೆದು ನೋಡಬೇಕು.