ಬ್ರೇಕ್ ಹಿಡಿದರೆ ಸಾಲದು, ಬಿಡಲೂ ಬೇಕು: ಅಗ್ಗದ ಲಿವರ್ ಹಾಕಿಸುವ ಮುನ್ನ ಓದಿ

ನಿಮ್ಮ ಬೈಕಿನ ಹ್ಯಾಂಡಲ್‌ಗೆ ಕೆಂಪು, ನೀಲಿ ಅಥವಾ ಬಂಗಾರದ ಬಣ್ಣದ ಗಿಡ್ಡ ಲಿವರ್ ಹಾಕಿಸಿದ್ದೀರಾ? ಕಂಪನಿಯಿಂದ ಬಂದದ್ದಲ್ಲ, ‘ಸಿಎನ್‌ಸಿ ಅಡ್ಜಸ್ಟಬಲ್’ ಅಂತ ಮಾರುತ್ತಾರಲ್ಲ, ಅದು. ಹಾಕಿಸಿದ್ದರೆ, ಘಾಟಿ ಇಳಿಯುವ ಯೋಚನೆಯೂ ಇದ್ದರೆ, ಈ ಬರಹದಲ್ಲಿರುವ ಪರೀಕ್ಷೆಯನ್ನು ಮೊದಲು ಮಾಡಿಕೊಳ್ಳಿ. ಐದು ನಿಮಿಷದ ಕೆಲಸ. ಒಂದು ಸ್ಕ್ರೂ ಡ್ರೈವರ್, ಒಂದು ಹಳೆ ಬಟ್ಟೆ ಇದ್ದರೆ ಸಾಕು.

ನನ್ನದು ಹಳೆಯ ಪಲ್ಸರ್ 150. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತಲ್ಲ, ಅದಕ್ಕೂ ಮುಂಚಿನ ಗಾಡಿ. ಮುಂದೆ ಒಂದು ಡಿಸ್ಕ್, ಹಿಂದೆ ಡ್ರಮ್. ಒಬ್ಬನೇ ಓಡಾಡುವಾಗ ತೊಂದರೆಯಿಲ್ಲ. ಇಬ್ಬರು ಕೂತು, ಹಿಂದೆ ಬ್ಯಾಗೂ ಕಟ್ಟಿ ಇಳಿಜಾರಿಗೆ ಬಿಟ್ಟರೆ ಮುಂದಿನ ಬ್ರೇಕ್ ಸಾಲದು ಅನ್ನಿಸುತ್ತಿತ್ತು. ಬೆಂಗಳೂರಿನಲ್ಲಿ ನಮ್ಮ ಏರಿಯಾದ ಒಂದು ಗ್ಯಾರೇಜಿನವರು ಇಂಥ ‘ಮಾಡಿಫಿಕೇಶನ್’ ಕೆಲಸವನ್ನೇ ಮುಖ್ಯವಾಗಿ ಮಾಡುತ್ತಾರೆ. ಹೋಗಿ ಕೇಳಿದೆ. ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪು, ಸಿಂಟರ್ಡ್ ಪ್ಯಾಡು (ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬ್ರೇಕ್ ಪ್ಯಾಡು), ಸಿಎನ್‌ಸಿ ಲಿವರ್ ಮೂರೂ ಸೇರಿ, ಕೂಲಿಯೂ ಸೇರಿ, ಮೂರು ಸಾವಿರದೊಳಗೆ ಮುಗಿಸಿಕೊಡುತ್ತೇವೆ ಅಂದರು. “ಒಂದು ಬೆರಳಲ್ಲಿ ನಿಲ್ಲುತ್ತೆ ಸಾರ್, ಆಮೇಲೆ ನೀವೇ ಫೋನ್ ಮಾಡಿ ಹೇಳ್ತೀರ.”

ಫೋನ್ ಮಾಡಿ ಹೇಳಿದೆ ಕೂಡ, ಚೆನ್ನಾಗಿದೆ ಅಂತ. ಮೊದಲಿಗೆ ಲಿವರ್ ಅರ್ಧ ದಾರಿ ಬಂದ ಮೇಲೆ ಹಿಡಿಯುತ್ತಿದ್ದ ಬ್ರೇಕ್, ಈಗ ಬೆರಳು ತಾಗಿದ ಕೂಡಲೇ ಹಿಡಿಯುತ್ತಿತ್ತು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಬೆಂಗಳೂರಿನ ಸವಾರಿಯಲ್ಲಿ ಡಿಸ್ಕ್ ಅಂಥ ಬಿಸಿಯೇ ಆಗುವುದಿಲ್ಲ. ಹಾಗಾಗಿ ಒಂದೆರಡು ವಾರ ಎಲ್ಲವೂ ಭರ್ಜರಿ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಶುರುಮಾಡಿದಾಗ ಹಿಂದೆ ಬಾಮೈದ ಕೂತಿದ್ದ. ಎರಡನೇ ಗೇರಿನಲ್ಲೇ ಇಳಿಯುತ್ತಿದ್ದೆವು, ತಿರುವಿನಲ್ಲಿ ಮಾತ್ರ ಬ್ರೇಕ್. ಕೆಲವು ತಿರುವು ಕಳೆದ ಮೇಲೆ ಲಿವರ್ ಗಟ್ಟಿಯಾದ ಹಾಗೆ ಅನ್ನಿಸಿತು. ಇಳಿಜಾರು ಇಲ್ಲಿ ಮಾಡುವ ಮೋಸ ಬಹಳ ದೊಡ್ಡದು. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಅಂಟಿಕೊಂಡರೆ ಗಾಡಿ ಎಳೆಯುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳುತ್ತಲೇ ಇರುತ್ತದೆ; ‘ಇವತ್ತು ಎಂಜಿನ್ ಬ್ರೇಕಿಂಗ್ ಚೆನ್ನಾಗಿದೆ’ ಅಂದುಕೊಳ್ಳುತ್ತೇವೆ. “ಭಾವ, ಏನೋ ಸುಟ್ಟ ವಾಸನೆ” ಅಂದ ಬಾಮೈದ. ಮುಂದೆ ಹೋಗುತ್ತಿದ್ದ ಲಾರಿಯದಿರಬೇಕು ಅಂದೆ. ಚಾರ್ಮಾಡಿಯಲ್ಲಿ ಆ ವಾಸನೆ ಹೊಸದೇನಲ್ಲ.

ಅದರ ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ, ಬಿಟ್ಟೆ. ನಾನು ಬಿಟ್ಟರೂ ಅದು ಬಿಡಲಿಲ್ಲ. ಮುಂದಿನ ಚಕ್ರ ಹಾಗೇ ಕಚ್ಚಿಕೊಂಡಿತು. ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚಿದ್ದಿರಬಹುದು ಅಷ್ಟೆ, ಆದರೂ ಗಾಡಿ ತಿರುವಿನಲ್ಲಿ ವಾಲಿತ್ತು, ಇಬ್ಬರೂ ಬಿದ್ದೆವು. ನನ್ನ ಮೊಣಕೈ ತರಚಿತು, ಬಾಮೈದನ ಪಾದ ಗಾಡಿಯ ಕೆಳಗೆ ಸಿಕ್ಕಿ ಊದಿಕೊಂಡಿತು. ಹಿಂದೆ ಬರುತ್ತಿದ್ದದ್ದು ಬಸ್ಸಾಗಿರದೆ ಪಿಕಪ್ ಆಗಿತ್ತು, ಅದರ ಡ್ರೈವರ್ ದೂರ ಬಿಟ್ಟುಕೊಂಡು ಇಳಿಯುತ್ತಿದ್ದರು. ಅವರು ನಿಲ್ಲಿಸಿದ್ದರಿಂದ ಈಗ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಎತ್ತಿ ನಿಲ್ಲಿಸಿದರೆ ತಳ್ಳಲೂ ಆಗದು. ಡಿಸ್ಕ್ ನೀಲಿ ತಿರುಗಿತ್ತು. ತಣ್ಣಗಾಗಲಿ ಅಂತ ನಾನು ಬಾಟಲಿಯ ನೀರು ಸುರಿಯಲು ಹೋದೆ. ಡ್ರೈವರ್ ತಡೆದರು. “ನೀರು ಹಾಕ್ಬೇಡಿ ಮಾರಾಯ್ರೆ, ಡಿಸ್ಕ್ ಬೆಂಡ್ ಆಗ್ತದೆ.” ಪಿಕಪ್‌ನಿಂದ ಎಂಟರ ಸ್ಪ್ಯಾನರ್ ತಂದು, ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮೇಲಿರುವ ಬ್ಲೀಡಿಂಗ್ ನಿಪ್ಪಲನ್ನು, ಅಂದರೆ ಒಳಗಿನ ಗಾಳಿ ತೆಗೆಯಲು ಇರುವ ತಿರುಪನ್ನು, ಒಂದು ಚೂರು ಸಡಿಲಿಸಿದರು. ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಆ ಕ್ಷಣವೇ ಬಿಟ್ಟುಕೊಂಡಿತು. “ನೋಡಿ, ಕ್ಯಾಲಿಪರ್ ಜಾಮ್ ಅಲ್ಲ ಇದು. ಪ್ರೆಷರ್ ಒಳಗೇ ಉಂಟು, ಮೇಲೆ ಹೋಗ್ತಾ ಇಲ್ಲ.” ಈ ಗುರುತು ನೆನಪಿಟ್ಟುಕೊಳ್ಳಿ. ನಿಪ್ಪಲ್ ಬಿಚ್ಚಿದ ಮೇಲೂ ಚಕ್ರ ಬಿಡದಿದ್ದರೆ ಕ್ಯಾಲಿಪರ್‌ನ ಪಿಸ್ಟನ್ನೋ ಪಿನ್ನೋ ತುಕ್ಕು ಹಿಡಿದಿರುತ್ತದೆ. ಬಿಚ್ಚಿದ ತಕ್ಷಣ ಬಿಟ್ಟರೆ ತೊಂದರೆ ಮೇಲೆ, ಮಾಸ್ಟರ್ ಸಿಲಿಂಡರ್‌ನಲ್ಲಿ (ಲಿವರ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ, ಹ್ಯಾಂಡಲ್ ಮೇಲಿನ ಭಾಗ) ಅಥವಾ ಪೈಪಿನಲ್ಲಿ ಇದೆ ಅಂತ ಅರ್ಥ.

ನಿಪ್ಪಲ್ ಬಿಚ್ಚಿದರೆ ಪೈಪಿನೊಳಕ್ಕೆ ಗಾಳಿ ಸೇರುತ್ತದೆ, ಆಮೇಲೆ ಮುಂದಿನ ಬ್ರೇಕ್ ನಂಬುವ ಹಾಗಿಲ್ಲ. ಗಾಡಿಯನ್ನು ಅವರ ಪಿಕಪ್‌ನಲ್ಲೇ ಹಾಕಿಕೊಂಡು ಉಜಿರೆಗೆ ಇಳಿದೆವು. ಅಲ್ಲಿನ ಮೆಕ್ಯಾನಿಕ್ ಒಬ್ಬರು ಮಾತೇ ಆಡದೆ ಮೊದಲು ಲಿವರ್ ಬಿಚ್ಚಿದರು. ಅವರು ತೋರಿಸಿದ್ದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇಡೀ ಅನಾಹುತ ಒಂದು ರಂಧ್ರದ್ದು.

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ತಳದಲ್ಲಿ ಎರಡು ತೂತು ಇರುತ್ತವೆ. ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆಯಷ್ಟು ಸಣ್ಣದು. ಲಿವರ್ ಬಿಟ್ಟಾಗ ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು, ಅದರ ರಬ್ಬರ್ ಕಪ್ ಆ ಸಣ್ಣ ತೂತನ್ನು ದಾಟಿ ನಿಲ್ಲಬೇಕು. ಆಗ ಕೆಳಗಿನ ಪೈಪಿಗೂ ಮೇಲಿನ ಡಬ್ಬಿಗೂ ದಾರಿ ತೆರೆದಿರುತ್ತದೆ. ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗಿದರೆ ಹೆಚ್ಚಾದದ್ದು ಆ ತೂತಿನಿಂದ ಡಬ್ಬಿಗೆ ವಾಪಸ್ ಹೋಗುತ್ತದೆ. ನಮಗೆ ಗೊತ್ತೇ ಆಗದ ಹಾಗೆ ಪ್ರತಿ ಸವಾರಿಯಲ್ಲೂ ನಡೆಯುವ ಕೆಲಸ ಇದು.

ಪಿಸ್ಟನ್ನನ್ನು ಒತ್ತುವುದು ಲಿವರ್‌ನ ಮೂಗು. ಕಂಪನಿಯ ಲಿವರ್‌ನಲ್ಲಿ ಆ ಮೂಗಿಗೂ ಪಿಸ್ಟನ್ನಿಗೂ ನಡುವೆ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ನನ್ನ ಬಣ್ಣದ ಲಿವರ್‌ನಲ್ಲಿ ಮೂಗು ಒಂದಿಷ್ಟು ಉದ್ದ ಇತ್ತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಅಷ್ಟಕ್ಕೇ ಪಿಸ್ಟನ್ ಸದಾ ಮುಂದಕ್ಕೆ ತಳ್ಳಿಕೊಂಡೇ ಇತ್ತು, ರಬ್ಬರ್ ಕಪ್ ಸಣ್ಣ ತೂತಿನ ಮೇಲೇ ಕೂತಿತ್ತು. ಘಾಟಿಯಲ್ಲಿ ಆಯಿಲ್ ಬಿಸಿಯಾಗಿ ಹಿಗ್ಗಿತು, ಹೋಗಲು ದಾರಿಯಿಲ್ಲ, ಪ್ಯಾಡನ್ನೇ ತಳ್ಳಿತು. ಪ್ಯಾಡ್ ಡಿಸ್ಕಿಗೆ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು. ಚಕ್ರ ನಿಲ್ಲುವವರೆಗೂ ಇದು ನಡೆಯಿತು. ಬೆರಳು ತಾಗಿದ ಕೂಡಲೇ ಬ್ರೇಕ್ ಹಿಡಿಯುತ್ತದೆ ಅಂತ ನಾನು ಖುಷಿಪಟ್ಟದ್ದು ಈ ಸಡಿಲ ಇಲ್ಲದ್ದಕ್ಕೇ.

ಇಷ್ಟೇ ಆಗಿದ್ದರೆ ಅಗ್ಗದ ಮಾಲು, ಅಳತೆ ತಪ್ಪಿದೆ ಅಂತ ಸುಮ್ಮನಾಗಬಹುದಿತ್ತು. ಮೆಕ್ಯಾನಿಕ್ ಆಮೇಲೆ ಹೆಡ್‌ಲೈಟ್ ಹಿಂದಿನಿಂದ ಒಂದು ವೈರ್ ಎಳೆದು ತೋರಿಸಿದರು. ಮುಂದಿನ ಬ್ರೇಕ್ ಸ್ವಿಚ್ಚಿನ ವೈರ್. ಅದನ್ನು ಕಿತ್ತು, ತುದಿಗೆ ಕಪ್ಪು ಟೇಪ್ ಸುತ್ತಿ ಒಳಗೆ ಸಿಕ್ಕಿಸಿದ್ದರು. ಲಿವರ್ ತನ್ನ ಜಾಗಕ್ಕೆ ಸರಿಯಾಗಿ ವಾಪಸ್ ಬಂದು ಸ್ವಿಚ್ಚನ್ನು ಒತ್ತಿದರೆ ಹಿಂದಿನ ಕೆಂಪು ಲೈಟ್ ಆರುತ್ತದೆ. ಈ ಲಿವರ್ ಕೂರುತ್ತಿರಲಿಲ್ಲ, ಲೈಟ್ ಉರಿಯುತ್ತಲೇ ಇದ್ದಿರಬೇಕು. “ಲೈಟ್ ಆಫ್ ಆಗ್ತಿಲ್ಲ ಅಂತ ವೈರನ್ನೇ ತೆಗ್ದಿದ್ದಾರೆ. ಲಿವರ್ ಸರಿ ಇಲ್ಲ ಅಂತ ಅವರಿಗೆ ಅವತ್ತೇ ಗೊತ್ತಿತ್ತು” ಅಂದರು. ನನಗೆ ಬಿದ್ದಾಗ ಬಾರದ ಸಿಟ್ಟು ಆಗ ಬಂತು. ಗಾಡಿಯೇ ಎಚ್ಚರಿಕೆ ಕೊಟ್ಟಿತ್ತು. ಆ ಗ್ಯಾರೇಜಿನವರು ಅದರ ಬಾಯಿಗೆ ಟೇಪ್ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಅಷ್ಟು ದಿನ ಮುಂದಿನ ಬ್ರೇಕ್ ಹಿಡಿದಾಗ ಹಿಂದಿನವರಿಗೆ ಲೈಟೂ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಈಗ ಪರೀಕ್ಷೆ. ಗಾಡಿಯನ್ನು ಸಮನಾದ ಜಾಗದಲ್ಲಿ ನಿಲ್ಲಿಸಿ, ಡಬ್ಬಿ ಮಟ್ಟವಾಗುವಂತೆ ಹ್ಯಾಂಡಲ್ ತಿರುಗಿಸಿ. ಸುತ್ತ ಬಟ್ಟೆ ಹಾಸಿ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಮುಚ್ಚಳ ಬಿಚ್ಚಿ, ಮುಖವನ್ನು ಡಬ್ಬಿಯ ನೇರಕ್ಕೆ ಒಯ್ಯದೆ, ಲಿವರನ್ನು ತೀರಾ ನಿಧಾನವಾಗಿ ಒತ್ತಿ. ಒತ್ತಲು ಶುರುಮಾಡಿದ ಕೂಡಲೇ ಆ ಸಣ್ಣ ತೂತಿನಿಂದ ಆಯಿಲ್ ಸಣ್ಣಗೆ ಚಿಮ್ಮಬೇಕು, ಕನಿಷ್ಠ ಮೇಲ್ಮೈ ಅಲುಗಬೇಕು. ಏನೂ ಆಗದಿದ್ದರೆ ತೂತು ಮುಚ್ಚಿದೆ. ಲಿವರ್ ಉದ್ದವಿರಬಹುದು, ಇಲ್ಲವೇ ಹಳೆ ಆಯಿಲಿನ ಗಸಿ ಕಟ್ಟಿರಬಹುದು. ಎರಡೂ ಸಂದರ್ಭದಲ್ಲಿ ಗಾಡಿ ಘಾಟಿಗೆ ಹೋಗಬಾರದು. ಎಬಿಎಸ್ ಗಾಡಿಯ ಮಾಸ್ಟರ್ ಸಿಲಿಂಡರ್‌ನಲ್ಲೂ ಇದೇ ತೂತು ಇರುತ್ತದೆ, ‘ನಮ್ಮದು ಎಬಿಎಸ್’ ಅಂತ ಬಿಡಬೇಡಿ.

ಇನ್ನೊಂದು ಮಾತು. ಬ್ರೇಕ್ ತಣ್ಣಗಾದರೆ ಆಯಿಲ್ ಕುಗ್ಗಿ ಚಕ್ರ ತಾನಾಗಿ ಬಿಟ್ಟುಕೊಳ್ಳುತ್ತದೆ. ಅರ್ಧ ಗಂಟೆ ನಿಲ್ಲಿಸಿ ಚಹಾ ಕುಡಿದು ಬಂದರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ, ಮಾರನೆಯ ದಿನ ಗ್ಯಾರೇಜಿಗೆ ಒಯ್ದರೆ ‘ಸರಿಯಾಗೇ ಇದೆಯಲ್ಲ ಸಾರ್’ ಅನ್ನುತ್ತಾರೆ. ಲಿವರ್ ಗಟ್ಟಿಯಾಗುತ್ತಿದೆ, ಆಟ ಕಡಿಮೆಯಾಗುತ್ತಿದೆ ಅನ್ನಿಸಿದ ಮೊದಲ ಸಲವೇ ನಿಲ್ಲಿಸಿ. ಹಾಗೇ ಓಡಿಸಿದರೆ ಇನ್ನೊಂದು ಅಪಾಯವೂ ಕಾದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಆಸುಪಾಸಿಗೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿ ತುಂಬಿ, ಲಿವರ್ ಹ್ಯಾಂಡಲ್‌ಗೆ ತಾಗಿದರೂ ಬ್ರೇಕ್ ಇರುವುದಿಲ್ಲ. ನನ್ನ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಹೊಸ ಪೈಪು ಹಾಕಿದವರು ತುಂಬಿಸಿದ್ದು ಎಂದೋ ಮುಚ್ಚಳ ತೆಗೆದಿಟ್ಟ ಬಾಟಲಿಯಿಂದಲೇ ಇರಬೇಕು.

ಉಳಿದ ಎರಡು ‘ಅಪ್‌ಗ್ರೇಡ್’ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸ್ಟೀಲ್ ಹೆಣಿಗೆಯ ಪೈಪು ಬ್ರೇಕಿನ ಬಲ ಹೆಚ್ಚಿಸುವುದಿಲ್ಲ, ರಬ್ಬರ್ ಪೈಪಿನ ಹಾಗೆ ಉಬ್ಬುವುದಿಲ್ಲ ಅಷ್ಟೆ. ಹಳೆ ರಬ್ಬರ್ ಪೈಪನ್ನು ತೆಗೆದು ಕಂಪನಿಯ ಹೊಸ ರಬ್ಬರ್ ಪೈಪು ಹಾಕಿದರೂ ಸುಧಾರಣೆ ಗೊತ್ತಾಗುತ್ತದೆ. ನನ್ನದರಲ್ಲಿ ಹಳೆಯ ತಾಮ್ರದ ವಾಷರ್‌ಗಳನ್ನೇ ಮತ್ತೆ ಹಾಕಿ ಬಿಗಿದಿದ್ದರು, ಬೋಲ್ಟಿನ ಬುಡ ಒದ್ದೆಯಾಗಿತ್ತು. ಪ್ರತಿ ಸಲ ಬಿಚ್ಚಿದಾಗಲೂ ಹೊಸ ವಾಷರ್ ಬೇಕು. ಬೋಲ್ಟಿನ ಥ್ರೆಡ್ಡೂ ನೋಡಬೇಕು: 10 ಎಂಎಂ ಬೋಲ್ಟಿನಲ್ಲೇ 1.0 ಮತ್ತು 1.25 ಅಂತ ಎರಡು ಬಗೆ ಇದೆ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಕ್ಯಾಲಿಪರ್ ಥ್ರೆಡ್ಡೇ ಹೋಗುತ್ತದೆ. ಸಿಂಟರ್ಡ್ ಪ್ಯಾಡ್ ಅಂತ ಹಾಕಿದ್ದು ನಿಜವಾಗಿ ಸಿಂಟರ್ಡೋ ಅಲ್ಲವೋ ಹೇಳಲು ಸುಟ್ಟ ಮೇಲೆ ಏನೂ ಉಳಿದಿರಲಿಲ್ಲ.

ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ದೊಡ್ಡ ಗಾಡಿಯ ಮಾಸ್ಟರ್ ಸಿಲಿಂಡರ್ ಹುಡುಕುವವರಿಗೂ ಒಂದು ಲೆಕ್ಕ. 11 ಎಂಎಂ ಪಿಸ್ಟನ್ನಿನ ಜಾಗಕ್ಕೆ 14 ಎಂಎಂನದು ಹಾಕಿದರೆ, ಬೆರಳು ಅಷ್ಟೇ ಒತ್ತಿದರೂ ಪೈಪಿನೊಳಗಿನ ಒತ್ತಡ ಶೇಕಡಾ 38ರಷ್ಟು ಇಳಿಯುತ್ತದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ ಅನ್ನಿಸುತ್ತದೆ, ಗಾಡಿ ಮಾತ್ರ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ.

ಉಜಿರೆಯವರು ಕೊನೆಗೆ ಮಾಡಿಕೊಟ್ಟದ್ದು ಇಷ್ಟು: ಕಂಪನಿಯ ಪ್ಯಾಡು, ಕಂಪನಿಯ ಲಿವರ್ (ಬಣ್ಣದ್ದರ ಅರ್ಧ ಬೆಲೆಯೂ ಇಲ್ಲ), ಸೀಲ್ ತೆಗೆಯದ ಬಾಟಲಿಯ ಡಾಟ್ 4, ಕ್ಯಾಲಿಪರ್ ಪಿನ್ನುಗಳನ್ನು ತೊಳೆದು ಬ್ರೇಕಿಗೆಂದೇ ಬರುವ ಗ್ರೀಸ್, ಹೊಸ ರಬ್ಬರ್ ಸೀಲು, ಹಿಂದಕ್ಕೆ ಹೊಸ ಬ್ರೇಕ್ ಶೂ. ಡಿಸ್ಕನ್ನು ಬೆಂಗಳೂರಿಗೆ ಬಂದ ಮೇಲೆ ಬದಲಿಸಿದೆ. ಡಿಸ್ಕನ್ನು ಬಿಟ್ಟರೆ ಖರ್ಚು ಆ ಪ್ಯಾಕೇಜಿಗಿಂತ ಕಡಿಮೆ. ಇಬ್ಬರು ಕೂತು ಇಳಿಜಾರಿನಲ್ಲಿ ಹೋದರೂ ಈಗ ಬ್ರೇಕ್ ಸಾಕಾಗುತ್ತದೆ. ಮೊದಲಿದ್ದ ಕೊರತೆ ಗಾಡಿಯದಲ್ಲ, ಹಿಡಿದುಕೊಂಡಿದ್ದ ಪಿನ್ನಿನದು ಮತ್ತು ಹಳೆ ಆಯಿಲಿನದು. ಅದನ್ನು ನೋಡಿ ಹೇಳಬೇಕಾದವರು ಕಿಟ್ ಮಾರಿದರು.

ಗ್ಯಾರೇಜಿಗೆ ಹೋಗಿ ಲಿವರನ್ನೂ ಟೇಪ್ ಸುತ್ತಿದ ವೈರಿನ ಫೋಟೊವನ್ನೂ ಮುಂದಿಟ್ಟೆ. “ಪಾರ್ಟ್ಸ್ ಆನ್‌ಲೈನ್‌ನಿಂದ ತರಿಸಿದ್ದು ಸಾರ್, ನಾವು ಬರೀ ಫಿಟ್ ಮಾಡಿದ್ದು” ಅಂದರು. ವೈರಿನ ಬಗ್ಗೆ ಕೇಳಿದರೆ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ ಅನ್ನುವ ಉತ್ತರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವರು ಮೊದಲು ಕೇಳಿದ್ದೇ ಬಿಲ್. ನನ್ನ ಹತ್ತಿರ ಇರುವುದು ‘ಬೈಕ್ ವರ್ಕ್’ ಅಂತ ಬರೆದ ಒಂದು ಯುಪಿಐ ಪಾವತಿ. ಬ್ರೇಕಿಗೆ ಕೈ ಹಾಕಿಸುವಾಗ ಯಾವ ಪಾರ್ಟ್, ಯಾವ ಕಂಪನಿಯದ್ದು, ಯಾವ ಗಾಡಿಗೆ ಅಂತ ಬರೆದ ಬಿಲ್ ಕೇಳಿ. ಕೊಡುವುದಿಲ್ಲ ಅಂದರೆ ಗಾಡಿ ಅಲ್ಲಿ ಬಿಡಬೇಡಿ.